ಕೈಸರ ತೋರಿಸಿದ ಹೊಳೆ

ಬೆಳಕು ಹರಿಯುವ ಹೊತ್ತು. ಮೇಡ್ಲೇರಿಯ ಹೊಳೆದಂಡೆಯ ಪಂಪ್‌ಹೌಸಿನಲ್ಲಿ ಮೋಟಾರು ಗುಂಯ್‌ಗುಡತೊಡಗಿದೆ. ಊರಿಗೆ ಕುಡಿಯುವ ನೀರು ಬಿಡುವ ವಾಟರ್‌ಮನ್ ಕೈಸರ, ಪ್ಯಾಂಟು ಮೊಣಕಾಲಿಗೇರಿಸಿ ಪಾಚಿಗಟ್ಟಿದ ಮೆಟ್ಟಿಲು ಇಳಿಯುತ್ತಾರೆ. ಮೊಬೈಲನ್ನು ತುಂಗಭದ್ರೆಯತ್ತ ತಿರುಗಿಸುತ್ತಾರೆ. "ನಮಸ್ಕಾರ್ರಿ. ಹೊಳಿ ನಿನ್ನಿಗಿಂತ ಇಳದೈತಿ. ದಂಡಿಗೆ ಪಂಪ್‌ಸೆಟ್ ಇಟ್ಟೋರು ಆರಾಮ ಇರ್ರಿ."

ಹೀಗೆ ಮೊಬೈಲಿಗೆ ಮಾತಾಡಲು ಅವರಿಗೆ ಬಹಳ ದಿನ ಮನಸ್ಸಿರಲಿಲ್ಲ; ಬರೆಯುವುದೇ ಇಷ್ಟ. ಹುಡುಗನಾಗಿದ್ದಾಗ ರಾಣೆಬೆನ್ನೂರಿನ ಸೈಬರ್ ಸೆಂಟರಿನಲ್ಲಿ ಕೆಲಸಕ್ಕಿದ್ದ ಕೈಸರ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದು ಬ್ಲಾಗ್ ಶುರು ಮಾಡಿದ್ದರು. ಹೊಳೆಯ ನೀರು ಯಾವಾಗ ಕೆಂಪಾಯಿತು, ಯಾವ ಹಕ್ಕಿ ಬಂತು, ಬಲೆಗೆ ಯಾವ ಮೀನು ಬಿತ್ತು ಎಂದೆಲ್ಲ ಬರೆಯುತ್ತಿದ್ದರು. ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿದ್ದ, ಹಾವೇರಿಗೆ ಮದುವೆಯಾಗಿ ಹೋಗಿದ್ದ ಊರಿನವರು ಓದಿ, 'ಊರಿಗೆ ಹೋಗಿ ಬಂದಂಗಾತು' ಎಂದು ಕೆಳಗೆ ಬರೆಯುತ್ತಿದ್ದರು.

"ಆಮ್ಯಾಲ ಎಲ್ಲಾರೂ ವಾಟ್ಸಾಪು, ರೀಲ್ಸು ಹಿಡದ್ರು. ನನ್ನ ಬ್ಲಾಗು ಬಸ್ಸು ನಿಲ್ಲದ ಸ್ಟಾಪ್ ಆತು ನೋಡ್ರಿ," ಎಂದು ನಗುತ್ತಾರೆ. ಆಗ ನಗು ಬಂದಿರಲಿಲ್ಲ. ವಾಟರ್‌ಮನ್ ಆದಮೇಲೂ, ಮೋಟಾರು ಸುಟ್ಟು ನೀರು ನಿಂತ ದಿನ ಮನೆಮನೆಯವರ ಬೈಗುಳ ತಿಂದು ಬಂದರೂ ಕೂತು ಬರೆಯುತ್ತಿದ್ದ ಮನುಷ್ಯ, ಓದುವವರೇ ಇಲ್ಲವಾದಾಗ ಬರೆಯುವುದನ್ನೇ ಕಡಿಮೆ ಮಾಡಿದರು.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಊರವರ ಫೋನಿಗೆಲ್ಲ ಒಂದು ವಿಡಿಯೋ ಬಂತು. ಮೇಲಿನ ಡ್ಯಾಮು ಒಡೆದಿದೆ, ಮೇಡ್ಲೇರಿ ಮುಳುಗುತ್ತದೆ ಎಂಬ ಒಕ್ಕಣೆ. ಎಲ್ಲಿಯದೋ ಪ್ರವಾಹ ಅದು. ಆದರೆ ನೋಡಿದವರು ನಂಬಿಬಿಟ್ಟರು. ಟ್ರ್ಯಾಕ್ಟರಿಗೆ ಹಾಸಿಗೆ, ಜೋಳದ ಚೀಲ ಏರಿದವು. ದಿನ ತುಂಬಿದ ಬಸುರಿ ಸಿಮ್ರಾನಳನ್ನೂ ಅದೇ ಟ್ರ್ಯಾಕ್ಟರಿನಲ್ಲಿ, ಆ ತಗ್ಗುದಿಣ್ಣೆಯ ರಸ್ತೆಯಲ್ಲಿ ಒಯ್ಯಲು ಮನೆಯವರು ಹೊರಟಿದ್ದರು.

ಡ್ಯಾಮಿನ ಆಫೀಸಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡ ಕೈಸರ, ಸುದ್ದಿ ಸುಳ್ಳೆಂದು ಲಗುಬಗೆಯಿಂದ ಬ್ಲಾಗಿನಲ್ಲಿ ಬರೆದರು. ಯಾರೂ ತೆರೆಯಲಿಲ್ಲ. ಹೆಂಡತಿ ಶಾಹೀನ್ ಫೋನಿನಲ್ಲೇ ಗದರಿದರು. "ಬರದ್ರ ಈಗ ಯಾರು ಓದ್ತಾರ್ರಿ? ಹೊಳಿನ ತೋರಸ್ರಿ!"

ಕೈಸರ ಮೆಟ್ಟಿಲಿಗೆ ಓಡಿದರು. ಪಂಪ್‌ಸೆಟ್ ಬಿಚ್ಚಲು ಬಂದಿದ್ದ ರೈತ ಮಾಲತೇಶಪ್ಪ ಅಲ್ಲೇ ಸಿಕ್ಕರು. "ಕಾಕಾ, ನೀರಾಗ ನಿಂದ್ರಿ. ನಿಮ್ಮ ಮಾರಿ ನೋಡಿದ್ರ ಮಂದಿ ನಂಬ್ತಾರ," ಎಂದು ಫೇಸ್‌ಬುಕ್ಕಿನಲ್ಲಿ ಲೈವ್ ಹಚ್ಚಿದರು. ಮಾಲತೇಶಪ್ಪ ಮೊಬೈಲಿಗೇ ಬಾಯಿ ಹಚ್ಚಿ ಮನೆಯಲ್ಲಿದ್ದ ಹೆಂಡತಿಗೆ ಕೂಗಿದರು: "ಏ ಹೊಳಿಯವ್ವಾ, ಎಮ್ಮಿ ಬಿಚ್ಚಬ್ಯಾಡ! ನೀರು ನನ್ನ ಮೊಣಕಾಲಿಗೂ ಬಂದಿಲ್ಲ!"

ಆ ಕೂಗು ಗ್ರೂಪಿನಿಂದ ಗ್ರೂಪಿಗೆ ಹಾರಿತು. ಹೊಳಿಯವ್ವ ಗಂಡನ ದನಿ ಕೇಳಿ ಕಟ್ಟೆಯ ಮೇಲೆ ಕೂತು ನಕ್ಕರಂತೆ. ಟ್ರ್ಯಾಕ್ಟರಿನಿಂದ ಚೀಲ ಇಳಿದವು. ಸಿಮ್ರಾನ ಕೆಳಗಿಳಿದು ಚಹಾ ಕುಡಿದಳು. ಆ ವಾರವೇ ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಹೆರಿಗೆ ಸುಸೂತ್ರವಾಯಿತು.

ಅಂದಿನಿಂದ ಕೈಸರ ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಹೊಳೆ ತೋರಿಸುತ್ತಾರೆ. ಆದರೆ ಬ್ಲಾಗ್ ಮುಚ್ಚಿಲ್ಲ. ಫೋನಿನ ವಿಡಿಯೋ ನಾಳೆಗೆ ಹಳತು, ಎಲ್ಲೋ ಕಳೆದೇ ಹೋಗುತ್ತದೆ. ಅದಕ್ಕೇ ಭಾನುವಾರ ಕೂತು ವಾರದ ಹೊಳೆಯನ್ನು ಬರೆದಿಡುತ್ತಾರೆ, ಅದರ ಕೊಂಡಿಯನ್ನು ಗ್ರೂಪಿಗೆ ಹಾಕುತ್ತಾರೆ. ಈಗ ಕೆಲವರು ಮತ್ತೆ ಓದುತ್ತಿದ್ದಾರೆ.

ಇನ್ನೇನು ಆಸೆ ಎಂದರೆ ಯೋಚಿಸಿ ಹೇಳುತ್ತಾರೆ: "ಮಳಿ ಜೋರ ಹಿಡದಾಗ ಮಂದಿ ಎದ್ದು ಕುಂದರಬಾರದ್ರಿ. ಕೈಸರ ಅದಾನ, ಹೇಳ್ತಾನ ಅಂತ ಮಲಗಬೇಕು."