ನೀಲಿ ವೈರಿನ ಹಿಡಿಕೆ

ಮೊನ್ನೆ ಚಿತ್ತವಾಡ್ಗಿಯ ಗ್ಯಾರೇಜಿನಲ್ಲಿ, ಹಳೆಯ ಸೈಲೆನ್ಸರ್‌ಗಳ ರಾಶಿಯ ಮೇಲೆ ಒಂದು ಕಬ್ಬಿಣದ ಹಿಡಿಕೆ ಬಿದ್ದಿತ್ತು. ಅದಕ್ಕೆ ನೀಲಿ ಪ್ಲಾಸ್ಟಿಕ್ ವೈರು ಸುತ್ತಿತ್ತು, ಸಂತೆಗೆ ಒಯ್ಯುವ ಬುಟ್ಟಿ ಹೆಣೆಯುತ್ತಾರಲ್ಲ, ಆ ವೈರು. ಬಣ್ಣ ಮಾಸಿತ್ತು, ಆದರೆ ಒಂದು ಸುತ್ತೂ ಸಡಿಲವಾಗಿರಲಿಲ್ಲ. ಹನ್ನೊಂದು ವರ್ಷದ ನಮ್ಮ ಬೈಕಿಗೆ ಎಂಜಿನ್ ಕೆಲಸ ಮಾಡಿಸುವುದೋ, ಇದನ್ನು ಕೊಟ್ಟು ಹೊಸ ಮಾಡೆಲ್ ತರುವುದೋ ಎಂದು ನಮ್ಮ ಮನೆಯವರು ಮೆಕ್ಯಾನಿಕ್ ಜೊತೆ ಮಾತಾಡುತ್ತಿದ್ದರು. ನನ್ನ ಕಿವಿ ಅಲ್ಲಿರಲಿಲ್ಲ. ಆ ಹಿಡಿಕೆ ಎದುರು ಮನೆ ಅಕ್ಕನದು...

ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈಗ ಒಪ್ಪಿಕೊಂಡರೆ ನನ್ನ ಗಂಟೇನೂ ಹೋಗುವುದಿಲ್ಲ. ಈ ಬೈಕು ಬರುವ ಮೊದಲು ಅವಳ ಗಂಡನೂ ನಮ್ಮವರೂ ಕುರೆಕುಪ್ಪದ ಕಡೆ ಒಂದೇ ಫ್ಯಾಕ್ಟರಿಗೆ, ಒಂದೇ ಥರದ ಬೈಕಿನಲ್ಲಿ ಹೋಗುತ್ತಿದ್ದರು. ಆ ದಾರಿಯ ಕೆಂಪು ಧೂಳು ಕುಡಿದು ಎರಡೂ ಗಾಡಿ ಒಂದೇ ವರ್ಷ ಕೆಮ್ಮಲು ಶುರು ಮಾಡಿದವು. ಅವರ ಗಾಡಿ ಹದಿನೈದು ದಿನ ಗ್ಯಾರೇಜಿನಲ್ಲಿದ್ದು ಬಂತು. ಎಂಜಿನ್ ಸರಿಯಾಗಿತ್ತು, ಹಿಂದಿನ ಸೀಟು ಅಗಲವಾಗಿತ್ತು. ಸೆರಗು ಚಕ್ರಕ್ಕೆ ಸಿಗದಂತೆ ಜಾಲರಿ, ಕಾಲಿಡಲು ಉದ್ದನೆಯ ಪಟ್ಟಿ, ಹಿಡಿಯಲು ಹಿಡಿಕೆ. ನಮ್ಮ ಕಡೆಯ ಬಿಸಿಲಿಗೆ ಕಬ್ಬಿಣ ಕೈ ಸುಡುತ್ತದೆಂದು ಅದಕ್ಕೆ ವೈರು ಬೇರೆ. ಗಂಡನೆಂದರೆ ಇವನಪ್ಪಾ ಎಂದುಕೊಂಡೆ. ನಮ್ಮವರು ನನಗಾಗಿ ಒಂದು ಬೋಲ್ಟನ್ನೂ ತಿರುಗಿಸಿದವರಲ್ಲ.

ಅಂದಿನಿಂದ ಹಟ ಹಿಡಿದೆ. ರಿಪೇರಿ ಬೇಡ, ಹೊಸದೇ ಬೇಕು. ಅನ್ನ ಬಡಿಸುವಾಗಲೂ ಅದೇ ಮಾತು, ಚಹಾ ಕೊಡುವಾಗಲೂ ಅದೇ. ನಮ್ಮವರು ಸೋತು ನನ್ನನ್ನೂ ಕರೆದುಕೊಂಡು ಹೋಗಿ ಈಗಿನ ಈ ಕೆಂಪು ಬೈಕು ತಂದರು. ಬಾಗಿಲ ಮುಂದೆ ಪೂಜೆ ಮಾಡಿ ಚಕ್ರಕ್ಕೆ ನಿಂಬೆಹಣ್ಣು ಇಡುವಾಗ, ಎದುರಿನ ಬಾಗಿಲು ತೆರೆದಿದೆಯಾ ಎಂದು ಎರಡು ಸಲ ನೋಡಿದೆ. ಅಕ್ಕ ಬಂದಳು, ಸಕ್ಕರೆ ಬಾಯಿಗೆ ಹಾಕಿಕೊಂಡಳು, "ಮಸ್ತ್ ಐತಿ ಬಿಡು" ಎಂದಳು. ಅವಳ ಮುಖದಲ್ಲಿ ಒಂದಿಷ್ಟು ಹೊಟ್ಟೆಕಿಚ್ಚು ಹುಡುಕಿದೆ. ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು.

ಅದೇ ತಿಂಗಳು ಕಂಪ್ಲಿಯಲ್ಲಿ ಒಂದು ಮದುವೆ. ಎರಡು ಗಾಡಿಯಲ್ಲಿ ನಾಲ್ವರೂ ಹೊರಟೆವು. ಹೊಸ ಬೈಕಿನ ಹಿಂದಿನ ಸೀಟು ಅಟ್ಟದಷ್ಟು ಎತ್ತರ, ಅಂಗೈಯಷ್ಟು ಅಗಲ. ಬ್ರೇಕ್ ಹಾಕಿದಾಗಲೆಲ್ಲ ಜಾರಿ ನಮ್ಮವರ ಬೆನ್ನಿಗೆ ಬೀಳುತ್ತಿದ್ದೆ. ಪಕ್ಕದಲ್ಲೇ ಅಕ್ಕ, ಮನೆ ಕಟ್ಟೆಯ ಮೇಲೆ ಕೂತವಳ ಹಾಗೆ, ಹಿಡಿಕೆ ಹಿಡಿದು, ಭತ್ತದ ಗದ್ದೆ ನೋಡುತ್ತ, ಗಂಡನ ಜೊತೆ ಮಾತಾಡುತ್ತ ಹೋಗುತ್ತಿದ್ದಳು. ನನ್ನ ಸೆರಗು ಚಕ್ರದ ಹತ್ತಿರ ಹಾರಿದ್ದನ್ನು ಕಂಡವಳೂ ಅವಳೇ. ಕೂಗಿ ಎರಡೂ ಗಾಡಿ ನಿಲ್ಲಿಸಿದಳು.

"ನೀವು ಇಬ್ರೂ ಗಾಡಿ ಬದ್ಲಿ ಮಾಡ್ಕೊಳ್ರಿ," ಎಂದು ಗಂಡಸರಿಗೆ ಹೇಳಿದಳು. "ಆಕಿ ನಮ್ಮದ್ರಾಗ ಕುಂದರ್ಲಿ, ನಾ ಹೊಸಾದ್ರಾಗ ಬರ್ತೀನಿ."

ಆ ಹಿಡಿಕೆ ಹಿಡಿದು ಕೂತಾಗ ಎಷ್ಟು ಸುಖವಾಗಿತ್ತು... ಸುಖವಾದಷ್ಟೂ ಹೊಟ್ಟೆ ಉರಿಯಿತು. ಮದುವೆ ಊಟಕ್ಕೆ ಕೂತಾಗ ತಡೆಯಲಾಗದೆ ಅಂದೇಬಿಟ್ಟೆ: "ಅಣ್ಣಾರು ನಿನ್ನ ಭಾಳ ಕಾಳಜಿ ಮಾಡ್ತಾರ ಬಿಡಕ್ಕ. ಎಲ್ಲರಿಗೂ ಎಲ್ಲಿರತೈತಿ ಆ ಪುಣ್ಯ."

ಅಕ್ಕ ನಕ್ಕಳು. "ಅವರಿಗೇನ್ ತಿಳೀತೈತಿ? ನಾನ ಗ್ಯಾರೇಜಿಗೆ ಹೋಗಿ, ಹಿಂದ ಕುಂತು, ಇಲ್ಲಿ ಕೈ ಬರ್ತೈತಿ, ಇಲ್ಲಿ ಕಾಲು ಬರ್ತೈತಿ ಅಂತ ಹೇಳಿ ಮಾಡಿಸ್ದೆ. ವೈರ್ ಸುತ್ತಿದ್ದೂ ನಾನ. ಗಾಡಿ ತರಾಕ ಹೋದಾಗ ನೀ ಹಿಂದ ಕುಂತು ನೋಡ್ಲಿಲ್ಲೇನು?"

ನಾನು ಬಣ್ಣ ನೋಡಿದ್ದೆ.

"ನಾಳಿ ಇಬ್ರೂ ಹೋಗೂಣು ಬಾ, ನಿನ್ನ ಗಾಡಿಗೂ ಒಂದು ಹಾಕಿಸಿ ವೈರ್ ಸುತ್ತಿ ಕೊಡ್ತೀನಿ," ಎಂದಳು. ಹೊಸ ಗಾಡಿಗೆ ಅದೆಲ್ಲ ಬ್ಯಾಡ ಎಂದು ಮುಖ ತಿರುಗಿಸಿದೆ. ಅವಳ ಗಂಡ ಒಳ್ಳೆಯವನು ಎಂಬ ಹೊಟ್ಟೆಕಿಚ್ಚಾಗಿದ್ದರೆ ನನ್ನ ಹಣೆಬರಹವನ್ನಾದರೂ ಬೈಯಬಹುದಿತ್ತು. ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಹೇಳುತ್ತಾಳಲ್ಲ ಎಂಬ ಹೊಟ್ಟೆಕಿಚ್ಚಿಗೆ ಯಾರನ್ನು ಬೈಯಲಿ? ಆಮೇಲೆಯೂ ಅವಳು ಎರಡು ಸಲ ಕರೆದಳು. ನಾನು ಹೋಗಲಿಲ್ಲ. ಹನ್ನೊಂದು ವರ್ಷ ಗಂಡನ ಅಂಗಿ ಹಿಡಿದುಕೊಂಡೇ ತಿರುಗಾಡಿದೆ.

ನಾಲ್ಕು ವರ್ಷದ ಹಿಂದೆ ಜ್ವರವೆಂದು ಮಲಗಿದ ಅಕ್ಕ ಏಳಲಿಲ್ಲ. ಅವಳ ಗಂಡ ಮನೆ ಖಾಲಿ ಮಾಡಿ ವಡ್ಡು ಎಂಬ ಊರಿನಲ್ಲಿದ್ದ ತಮ್ಮನ ಹತ್ತಿರ ಹೋದರು. ಗಾಡಿ ಏನಾಯಿತೆಂದು ನಾನು ಕೇಳಿರಲಿಲ್ಲ.

ಹಿಡಿಕೆ ಎತ್ತಿಕೊಂಡು ಹೋಗಿ ಮೆಕ್ಯಾನಿಕ್ ಮುಂದೆ ಹಿಡಿದೆ. "ಇದು ಹಾಕಾಕ ಬರ್ತೈತೇನ್ರಿ?"

"ಹೊಸ ಮಾಡೆಲ್‌ಗೆ ಕುಂದರಂಗಿಲ್ರಿ ಅಕ್ಕಾರ. ನಿಮ್ಮ ಈ ಹಳೇದಕ್ಕಾದ್ರ ಹೆಂಗಾರ ಕೂಡಿಸಬಹುದು."

"ಹಂಗಾದ್ರ ಇದನ್ನ ರಿಪೇರಿ ಮಾಡ್ರಿ. ಸೀಟೂ ತುಸು ಕೆಳಗ ಇಳಿಸ್ರಿ," ಎಂದೆ. ನಮ್ಮವರು ತಿರುಗಿ ನನ್ನನ್ನೇ ನೋಡಿದರು.

"ಹತ್ತಿ ಕುಂದ್ರಿ, ಅಳತಿ ನೋಡೂಣು," ಎಂದ ಮೆಕ್ಯಾನಿಕ್.

ನಿಂತ ಗಾಡಿಯ ಹಿಂದೆ ಹತ್ತಿ ಕೂತೆ. ಅವನು ಹಿಡಿಕೆಯನ್ನು ಪಕ್ಕಕ್ಕೆ ಹಿಡಿದ. ಅಕ್ಕ ನನಗಿಂತ ಗಿಡ್ಡ, ಅವಳ ಅಳತೆ ನನ್ನ ಕೈಗೆ ಕೆಳಗಾಯಿತು.

"ಎರಡು ಬೆರಳು ಮ್ಯಾಲ ಹಾಕ್ರಿ," ಎಂದೆ. ಹೇಳಿ, ಸರಿಯಾಗಿ ಹೇಳಿದೆನಾ ಎಂದು ಕೇಳಲು ಪಕ್ಕಕ್ಕೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ.