ಸೀಟಿನ ಕೆಳಗಿನ ತಂತಿ

ಎಲುಬಿಲ್ಲದ ನಾಲಿಗೆಯನ್ನು ದೇವರು ನಮಗೆ ಕೊಟ್ಟದ್ದು ಸ್ತುತಿಸುವುದಕ್ಕೆ, ನೊಂದವರನ್ನು ಸಂತೈಸುವುದಕ್ಕೆ. ಮೀಟರಣ್ಣ ಅದನ್ನು ಚುಚ್ಚುವುದಕ್ಕೇ ಇಟ್ಟುಕೊಂಡಿದ್ದನು.

ಅವನು ದೊಡ್ಡ ಆಟದ ಮೈದಾನವೊಂದರ ಶೆಡ್ಡಿನಲ್ಲಿ ಎಲೆಕ್ಟ್ರಿಕ್ ಮೆಕ್ಯಾನಿಕ್. ಅಂಗಿಯ ಜೇಬಿನಲ್ಲಿ ಸದಾ ಕರೆಂಟು ನೋಡುವ ಮೀಟರು ಇರುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಅವನನ್ನು ಕೆಟ್ಟವನೆನ್ನಲಾರೆ, ಹಾಸಿಗೆ ಹಿಡಿದ ತಾಯಿಯ ಬಟ್ಟೆಯನ್ನು ಕೊನೆಯವರೆಗೂ ತಾನೇ ಒಗೆದವನು. ಆದರೆ ಬಾಯಿಗೆ ಬಂದ ಕೊಂಕುಮಾತನ್ನು ನುಂಗಿಕೊಂಡವನಲ್ಲ. ಅದೇ ಮೈದಾನದಲ್ಲಿ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಗೆ ಅವನ ತಮ್ಮನೇ ಚಾಲಕ. ಕಡ್ಡಿಯಂಥ ಮೈಯವನು. ಅಣ್ಣ ಅವನನ್ನು ‘ಗರಿ’ ಎಂದು ಕರೆದನು. ಶೆಡ್ಡೆಲ್ಲವೂ ಹಾಗೆಯೇ ಕರೆಯಿತು.

ಆ ಗಾಡಿಗೆ ಒಂದು ರೋಗ ಹತ್ತಿತು. ಬ್ರೇಕು ತುಳಿದು ಕೀಲಿ ತಿರುಗಿಸಿದರೆ ಇಂಜಿನ್ ಗುರುಗುಟ್ಟುತ್ತಿತ್ತು. ಕಾಲೆತ್ತಿದೊಡನೆ ಸತ್ತು ಹೋಗುತ್ತಿತ್ತು. ಮೀಟರಣ್ಣ ಬ್ಯಾಟರಿ ನೋಡಿದನು, ಸರಿಯಿತ್ತು. ಫ್ಯೂಸು ತೆಗೆದು ಬೆಳಕಿಗೆ ಹಿಡಿದನು, ಸರಿಯಿತ್ತು. ಅರ್ಥಿಂಗ್ ತಂತಿಯ ಬೋಲ್ಟಿನ ತುಕ್ಕನ್ನು ಕೆರೆದು ಬಿಗಿದನು. ರೋಗ ಹಾಗೆಯೇ ಉಳಿಯಿತು. ಇನ್ನು ನೋಡಬೇಕಾದದ್ದು ಸೀಟಿನ ಕೆಳಗಿನ ಸ್ವಿಚ್ಚು. ಮನುಷ್ಯ ಕೂತಾಗ ಅದು ಅದುಮಿಕೊಳ್ಳುತ್ತದೆ. ಬ್ಲೇಡು ತಿರುಗುವಾಗಲೇ ಅವನು ಇಳಿದರೆ ಇಂಜಿನ್ನನ್ನು ಆರಿಸುತ್ತದೆ. ಬಡಪಾಯಿಯ ಕೈಕಾಲಿಗೆ ಅದೊಂದು ಕಾವಲು. ಮೀಟರು ಹಿಡಿದು ನೋಡಿದ್ದರೆ ಅದರ ಗತಿ ಅಲ್ಲೇ ತಿಳಿಯುತ್ತಿತ್ತು. ಆದರೆ ಮೀಟರಣ್ಣನಿಗೆ ಅಷ್ಟರಲ್ಲಿ ಒಂದು ತಮಾಷೆ ಹೊಳೆಯಿತು. ಮೀಟರು ಜೇಬಿನಲ್ಲೇ ಉಳಿಯಿತು.

“ಗಾಡಿಗೇನೂ ಆಗಿಲ್ಲ ಕಣ್ರೋ!” ಎಂದು ಕೂಗಿದನು. “ನಮ್ಮ ಗರಿ ಕೂತಿದ್ದಾನೆ ಅಂತ ಅದಕ್ಕೆ ಗೊತ್ತೇ ಆಗ್ತಿಲ್ಲ. ಖಾಲಿ ಸೀಟು ಅಂದ್ಕೊಂಡು ನಿಂತ್ಬಿಡತ್ತೆ!”

ಶೆಡ್ಡು ಗೊಳ್ಳೆಂದಿತು. “ತೊಡೆ ಮೇಲೊಂದು ಕಲ್ಲು ಇಟ್ಕೊಂಡು ಕೂರೋ ಗರಿ!” ಎಂದನು ವೆಲ್ಡರು.

“ಅಣ್ಣಾ, ಆ ಸ್ವಿಚ್ಚೇ ಕೆಟ್ಟಿರಬಹುದು. ಒಂದ್ಸಲ ಮೀಟರಿಟ್ಟು ನೋಡಣ್ಣಾ.”

“ಕೆಟ್ಟಿರೋದು ಸ್ವಿಚ್ಚಲ್ಲ, ನಿನ್ನ ಹೆಂಡತಿ ಅಡುಗೆ. ಮೊದ್ಲು ಅದನ್ನ ರಿಪೇರಿ ಮಾಡಿಸ್ಕೊ, ಹೋಗು.”

ಆ ಹೆಂಡತಿ ಊಟದ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಡಬ್ಬಿಯನ್ನು ನೆಲಕ್ಕಿಟ್ಟು ಹೊರಟುಹೋದಳು.

ಮೀಟರಣ್ಣ ಸೀಟು ಎತ್ತಿದನು. ಸ್ವಿಚ್ಚಿನ ಪ್ಲಗ್ಗನ್ನು ಕಿತ್ತು, ಅದರ ಎರಡು ತೂತುಗಳಿಗೆ ಒಂದು ತುಂಡು ಕೆಂಪು ತಂತಿಯನ್ನು ಬಗ್ಗಿಸಿ ಸಿಕ್ಕಿಸಿದನು. ಗಾಡಿ ಜೋರಾಗಿ ಓಡಿತು.

“ಡೈರೆಕ್ಟ್ ಕೊಟ್ಟಿದ್ದೀನಿ. ಇನ್ನು ನೀನು ಕೂತ್ರೂ ಒಂದೇ, ಕೂರದಿದ್ರೂ ಒಂದೇ.”

“ಹಾಗಾದ್ರೆ ಇಳಿದಾಗ ನಿಲ್ಲಲ್ವಲ್ಲಣ್ಣಾ?”

“ಇಳೀಬೇಡ. ಕೂರೋದನ್ನೂ ಹೇಳ್ಕೊಡ್ಬೇಕಾ ನಿಂಗೆ?”

ಬುದ್ಧಿ ಕಲಿತದ್ದನ್ನು ಮೈ ಅಷ್ಟು ಬೇಗ ಕಲಿಯುವುದಿಲ್ಲ. ಇಳಿದರೆ ಬ್ಲೇಡು ನಿಲ್ಲುತ್ತದೆಂದು ತಮ್ಮನ ಮೈ ವರ್ಷಗಟ್ಟಲೆ ನಂಬಿತ್ತು. ಮರುದಿನ ಬ್ಲೇಡಿಗೆ ಒದ್ದೆ ಹುಲ್ಲು ಸಿಕ್ಕಿಕೊಂಡಾಗ, ಹಳೆಯ ರೂಢಿಯಂತೆ ಕೆಳಗಿಳಿದು, ಹುಲ್ಲಿನ ಗುಪ್ಪೆಯನ್ನು ಬಲಗಾಲಿನಿಂದ ಒದ್ದನು. ಶೂ ಸಮೇತ ಅರ್ಧ ಪಾದ ಹೋಯಿತು.

ಕಿರುಚಾಟ ಕೇಳಿ ಎಲ್ಲರೂ ತಮ್ಮನತ್ತ ಓಡಿದರು. ಮೀಟರಣ್ಣ ಸೀಟಿನತ್ತ ಓಡಿದನು. ಮಾಲಿಗಳು ಟವೆಲಿನಿಂದ ಪಾದ ಬಿಗಿಯುತ್ತಿದ್ದಾಗ ಅವನು ಕೀಲಿ ತಿರುಗಿಸಿ ಇಂಜಿನ್ ಆರಿಸಿ, ತಂತಿಯನ್ನು ಕಿತ್ತು, ಪ್ಲಗ್ಗನ್ನು ಮೊದಲಿನಂತೆ ಸ್ವಿಚ್ಚಿಗೆ ಸೇರಿಸಿದನು. ತಂತಿ ಅವನ ಜೇಬು ಸೇರಿತು.

ಹುಲ್ಲಿನ ಮೇಲೆ ಬಿದ್ದಿದ್ದ ತಮ್ಮ ಅದನ್ನು ನೋಡಿದನು. “ಅಣ್ಣಾ,” ಎಂದನು. ಅಣ್ಣ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಮೈದಾನದ ಮ್ಯಾನೇಜರು ಗಾಡಿಯ ಬಳಿಗೆ ಬಂದರು. “ಇಳಿದ್ರೆ ನಿಲ್ಲೋ ಗಾಡಿ ಇದು. ಕಾಲು ಹೇಗ್ರೀ ಹೋಯ್ತು?”

“ಸೀಟಿನ ಮೇಲೆ ಕಲ್ಲೋ ಗಿಲ್ಲೋ ಇಟ್ಟು ಇಳಿದಿರ್ತಾನೆ ಸಾರ್. ಅವನ ಬುದ್ಧಿ ಅಷ್ಟೇ,” ಎಂದನು ಮೀಟರಣ್ಣ.

ಮೊನ್ನೆ ನಕ್ಕವರೆಲ್ಲ ನೆಲ ನೋಡಿದರು.

“ಹಾಗಾದ್ರೆ ಅವನದೇ ತಪ್ಪು. ಕೆಲಸವೂ ಇಲ್ಲ, ಆಸ್ಪತ್ರೆ ಹೊಣೆಯೂ ನಮ್ಮದಲ್ಲ,” ಎಂದರು ಮ್ಯಾನೇಜರು.

ಶೆಡ್ಡಿನಲ್ಲಿದ್ದ ಗಂಡನ ಬಟ್ಟೆಗಳನ್ನು ಒಯ್ಯಲು ಆಸ್ಪತ್ರೆಯಿಂದ ಬಂದಿದ್ದ ತಮ್ಮನ ಹೆಂಡತಿ ಅಲ್ಲೇ ನಿಂತು ಇಷ್ಟನ್ನೂ ಕೇಳಿದಳು.

“ಗಾಡೀನ ಶೆಡ್ಡಿಗೆ ತನ್ನಿ,” ಎಂದು ಮ್ಯಾನೇಜರು ಅಪ್ಪಣೆ ಕೊಟ್ಟರು.

ಮೀಟರಣ್ಣನದು ಆನೆಯಂಥ ಮೈ. ಸೀಟು ಕಿರುಗುಟ್ಟುವಂತೆ ಕೂತನು. ಬ್ರೇಕು ತುಳಿದು ಕೀಲಿ ತಿರುಗಿಸಿದನು, ಇಂಜಿನ್ ಗುರುಗುಟ್ಟಿತು. ಕಾಲೆತ್ತಿದನು, ಸತ್ತಿತು. ಮತ್ತೆ ತಿರುಗಿಸಿದನು, ಮತ್ತೆ ಸತ್ತಿತು. ಎದ್ದು, ಇಡೀ ಭಾರ ಬಿಟ್ಟು ಧೊಪ್ಪನೆ ಕೂತನು. ಆಗಲೂ ಅಷ್ಟೇ.

“ಇದು ರಿಪೇರಿ ಆಗಿದೆ ಅಂದಿದ್ರಲ್ಲ? ನಿನ್ನೆ ಹೇಗೆ ಓಡ್ತು?” ಎಂದರು ಮ್ಯಾನೇಜರು.

ಅವಳು ಹತ್ತಿರ ಬಂದಳು. ಅವಳ ದನಿ ಏರಲಿಲ್ಲ.

“ನೀವು ಕೂತ್ರೂ ಅದಕ್ಕೆ ಗೊತ್ತಾಗ್ತಿಲ್ವಾ, ಭಾವ?”

ಅವನ ಕೈ ಜೇಬಿಗೆ ಹೋಯಿತು. ಕೆಂಪು ತಂತಿಯನ್ನು ತೆಗೆದು ಮ್ಯಾನೇಜರ ಅಂಗೈಗೆ ಹಾಕಿದನು.

ದೇವರು ಸತ್ಯವನ್ನು ಹೊರಗೆ ತಂದನು, ಪಾದವನ್ನು ತಂದುಕೊಡಲಿಲ್ಲ. ತಮ್ಮನ ಕೆಲಸ ಉಳಿಯಿತು, ಈಗ ಗೇಟಿನಲ್ಲಿ ಕೂರುತ್ತಾನೆ. ಅಣ್ಣನ ಕೆಲಸ ಹೋಯಿತು. ಸಂಜೆಯಾದರೆ ಅವನು ತಮ್ಮನ ಮನೆಗೆ ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಕತ್ತಲಾಗುವ ಮುಂಚೆ ಎದ್ದು ಹೋಗುತ್ತಾನೆ. ಗಂಡಹೆಂಡತಿ ಅವನ ಎದುರಿಗೇ ಮಾತನಾಡಿಕೊಳ್ಳುತ್ತಾರೆ, ಊಟ ಮಾಡುತ್ತಾರೆ. ಅವನತ್ತ ಕಣ್ಣೆತ್ತುವುದಿಲ್ಲ.

ಪ್ರಾರ್ಥನೆಗೆಂದು ಆ ಮನೆಗೆ ಹೋದ ದಿನ ನಾನು ಇದನ್ನು ಕಣ್ಣಾರೆ ಕಂಡೆನು. ತಡೆಯಲಾಗದೆ ತಮ್ಮನಿಗೆ ಕೈಮುಗಿದು, “ಕ್ಷಮಿಸಿಬಿಡಪ್ಪಾ, ದೇವರು ನಮ್ಮನ್ನು ಎಷ್ಟು ಸಲ ಕ್ಷಮಿಸಿಲ್ಲ!” ಎಂದು ಬೇಡಿದೆನು.

ಅವನು ಆ ಕುರ್ಚಿಯ ಕಡೆಗೇ ದಿಟ್ಟಿಸಿ ನೋಡಿದನು.

“ಯಾರನ್ನ?” ಎಂದನು.