ಹುಬ್ಬಳ್ಳಿ ಅಕ್ಕನ ಹುಗ್ಗಿ

ಮೊನ್ನೆ ಗಂಡಸಿ ಊರಿನ ನೆಂಟರ ಮನೆಗೆ ಹೋಗಿದ್ದಾಗ ಅಡುಗೆಮನೆಯಿಂದ ಬೆಲ್ಲದಲ್ಲಿ ಗೋಧಿ ಬೇಯುವ ವಾಸನೆ ಬಂತು. ನುಚ್ಚಲ್ಲ, ನೆನೆಸಿ, ಕುಟ್ಟಿ, ಹೊಟ್ಟು ತೆಗೆದ ಇಡೀ ಗೋಧಿ. ನಮ್ಮ ಕಡೆ ಪಾಯಸಕ್ಕೆ ಯಾರೂ ಇಷ್ಟು ಪಾಡು ಪಡುವುದಿಲ್ಲ. ಶಾವಿಗೆ ಸುರಿದು ಕೈ ತೊಳೆದುಕೊಳ್ಳುತ್ತೇವೆ. ಆ ವಾಸನೆಗೆ ಹುಬ್ಬಳ್ಳಿ ಅಕ್ಕ ನೆನಪಾದರು...

ಅರಸೀಕೆರೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ಗಂಡ ರೈಲ್ವೆ ಗೂಡ್ಸು ಆಫೀಸಿನಲ್ಲಿ ಗುಮಾಸ್ತರು. ಅಕ್ಕನ ಊರು ಹುಬ್ಬಳ್ಳಿಯೇನೂ ಅಲ್ಲ, ಅದರಾಚೆಯ ಯಾವುದೋ ಹಳ್ಳಿ. ಆದರೆ ಹರಿಹರದ ಹೊಳೆ ದಾಟಿದರೆ ನಮ್ಮವರಿಗೆ ಎಲ್ಲವೂ ಹುಬ್ಬಳ್ಳಿಯೇ. ನನಗಾಗ ಹದಿನೇಳು. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಕಂಡಕಂಡವರ ದನಿ ತೆಗೆದು ಅಣಕಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ಸ್ಟೇಷನ್ ಮಾಸ್ತರರ ಕೆಮ್ಮು, ನಮ್ಮಪ್ಪನ ಗೊರಕೆ, ಫಲಿತಾಂಶ ನೋಡಿ ಬಂದ ನನ್ನದೇ ಅಳುಮೋರೆ, ಯಾವುದನ್ನೂ ಬಿಟ್ಟವನಲ್ಲ.

ಅಕ್ಕನ ಬಾಯಿ ನನಗೆ ಸಿಕ್ಕ ಸಂಪತ್ತು. ನಮ್ಮ ಒಬ್ಬಟ್ಟು ಅವರಿಗೆ ಹೋಳಿಗೆ. ನಮ್ಮ ಸಜ್ಜಿಗೆ ಅವರಿಗೆ ಶಿರಾ. ನಾವು ಗೋಧಿ ಪಾಯಸ ಎನ್ನುವುದು ಅವರಿಗೆ ಹುಗ್ಗಿ. ನಮ್ಮಲ್ಲಿ ಹುಗ್ಗಿಯೆಂದರೆ ಧನುರ್ಮಾಸದಲ್ಲಿ ಮೆಣಸು ಹಾಕಿ ಮಾಡುವುದು. ನಾವು ಬಡಿಸುತ್ತೇವೆ, ಅವರು ನೀಡುತ್ತಾರೆ; ನಮ್ಮಲ್ಲಿ ನೀಡುವುದೇನಿದ್ದರೂ ಭಿಕ್ಷೆ. ಜಾವಗಲ್ಲಿನ ನಮ್ಮ ಮಾವನಿಗೆ ಮಾತ್ರ ಈ ತಾಪತ್ರಯವೇ ಇರಲಿಲ್ಲ. ಎಲೆಗೆ ಯಾವ ಸಿಹಿ ಬಿದ್ದರೂ ಅವರಿಗದು ‘ಸೀ’.

ನಮ್ಮಕ್ಕನ ಮಗುವಿನ ನಾಮಕರಣಕ್ಕೆ ಸಿಹಿ ಮಾಡಿಕೊಡುತ್ತೇನೆಂದು ಹುಬ್ಬಳ್ಳಿ ಅಕ್ಕನೇ ಕೇಳಿ ವಹಿಸಿಕೊಂಡರು. ತವರಿನಿಂದ ಗೋಧಿ ತರಿಸಿ, ನಮ್ಮೂರ ಕೊಬ್ಬರಿ ಹೆರೆದು ಹಾಕಿ, ಎರಡು ದಿನ ಒದ್ದಾಡಿದ್ದರು. ಪಂಕ್ತಿ ಕೂತಿತ್ತು. ಮಾವ ಕೂಗಿದರು: “ಏನ್ಲಾ, ಸೀ ಬತ್ತೈತೋ ಇಲ್ವೋ?”

ಸೆರಗು ಸಿಕ್ಕಿಸಿಕೊಂಡು, ಪಾತ್ರೆ ಹಿಡಿದು ಅಕ್ಕ ಒಳಗಿನಿಂದ ಬಂದರು. ಬಡಿಸುವವರು ಪದಾರ್ಥದ ಹೆಸರು ಕೂಗುತ್ತ ಬರಬೇಕಲ್ಲ... ಅವರೂ ಉತ್ಸಾಹದಿಂದ ಕೂಗಿದರು: “ಹುಗ್ಗಿ ಬಂತ್ರೀ, ಹುಗ್ಗಿ! ಯಾರಿಗೆ ನೀಡ್ಲಿ?”

ನನ್ನ ನಾಲಿಗೆ ಸುಮ್ಮನಿರಲಿಲ್ಲ. ಅದೇ ರಾಗಕ್ಕೆ ಇನ್ನಷ್ಟು ಮೂಗು ಸೇರಿಸಿ ಎಳೆದೆ: “ಹುಗ್ಗೀ ಬಂತ್ರೀಪಾ, ಹುಗ್ಗೀ! ಜೋಳಿಗೆ ಒಡ್ರೀ, ನೀಡ್ತೀನಿ!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಾವನಿಗೆ ನೆತ್ತಿ ಹತ್ತಿತು. ಅಕ್ಕನೂ ನಕ್ಕರು, ಆದರೆ ಕೊನೆಯ ಎಲೆಯವರೆಗೂ ಮತ್ತೆ ಕೂಗಲಿಲ್ಲ. ಪ್ರತಿ ಎಲೆಯ ಮುಂದೆ ಸೌಟು ಎತ್ತಿ ಹಿಡಿದು ನಿಲ್ಲುತ್ತಿದ್ದರು.

ಆಮೇಲೆ ಅಮ್ಮ ನನ್ನನ್ನು ಅವರ ಮನೆಗೆ ಅಟ್ಟಿದಳು. “ಹೋಗಿ ತಪ್ಪಾಯ್ತು ಅನ್ನೋ, ಕೋತಿ.” ನಾನು ಬಾಗಿಲಲ್ಲಿ ನಿಂತು ತೊದಲಿದೆ. ಅಕ್ಕ, “ಅದರಾಗೇನು ತಪ್ಪು ಬಿಡಪ್ಪಾ. ಊರು ನಿಮ್ದು...” ಎಂದು ಕೊಬ್ಬರಿ ಸಕ್ಕರೆ ಕೊಟ್ಟು ಕಳಿಸಿದರು. ನಾನು ತಿಂದುಕೊಂಡು ಬಂದೆ. ಲೆಕ್ಕ ಮುಗಿಯಿತೆಂದೇ ತಿಳಿದಿದ್ದೆ.

ಮರುವರ್ಷ ಅವರ ತಂದೆ ಬಂದರು. ರುಮಾಲಿನ ದೊಡ್ಡ ಆಳು, ಮಗಳ ಮನೆಗೆ ಬಂದದ್ದು ಅದೇ ಮೊದಲು. ಜೊತೆಗೆ ಊಟಕ್ಕೆ ಯಾರಾದರೂ ಇರಲಿ ಎಂದು ನನ್ನನ್ನೂ ಕರೆದಿದ್ದರು. ಅಕ್ಕ ಪಾತ್ರೆ ತಂದು ತಂದೆಯ ಎಲೆಯ ಮುಂದೆ ಬಗ್ಗಿದರು.

“ಅಪ್ಪಾ, ಪಾಯಸ ಬಡಿಸಲಾ?”

ಮುದುಕರು ಎಲೆ ನೋಡಲಿಲ್ಲ, ಮಗಳ ಮುಖ ನೋಡಿದರು. “ಪಾಯಸ? ಹುಗ್ಗಿ ಅಲ್ಲೇನವಾ ಅದು?”

“ಇಲ್ಲಿ ಹಾಗೇ ಅನ್ನೋದು ಅಪ್ಪಾ.”

ಅಪ್ಪಟ ಅರಸೀಕೆರೆ ಮಾತು. ನಾನೇ ಹೇಳಿದ್ದರೂ ಅಷ್ಟು ಚೊಕ್ಕವಾಗಿ ಬರುತ್ತಿರಲಿಲ್ಲ. ಮುದುಕರು, “ಆತು, ನೀಡು,” ಎಂದರು. ಆ ಮಧ್ಯಾಹ್ನವೆಲ್ಲ ಮಗಳೊಂದಿಗೆ ಅವರು ಮಾತಾಡಿದ್ದು ನಿಧಾನವಾಗಿ, ತಡೆದು ತಡೆದು, ಪರಸ್ಥಳದವರ ಮನೆಯಲ್ಲಿ ಇಳಿದುಕೊಂಡವರ ಹಾಗೆ. ‘ಹುಗ್ಗಿ ಅಂತಲೇ ಅನ್ನಿ ಅಕ್ಕಾ’ ಎಂದು ನಾನೊಂದು ಮಾತು ಅನ್ನಬಹುದಿತ್ತು. ಊರಿನ ಬಾಯಿಗಳೆಲ್ಲ ನನ್ನ ಗಂಟಲಲ್ಲಿದ್ದವು. ನನ್ನ ಬಾಯಿ ಮಾತ್ರ ಎಲೆಯ ಮೇಲೆ ಬಗ್ಗಿತ್ತು.

ಮುಂದೆ ಅಕ್ಕನ ಯಜಮಾನರಿಗೆ ವರ್ಗವಾಯಿತು. ಒಂದೆರಡು ವರ್ಷ ಕಾಗದಗಳು ಬರುತ್ತಿದ್ದವು. ಆಮೇಲೊಮ್ಮೆ, ಅಕ್ಕ ಹೋದರೆಂದು ಅವರ ಯಜಮಾನರ ಕಾರ್ಡು...

ನಮ್ಮ ಮನೆಯಲ್ಲಿ ಈಗಲೂ ನೆಂಟರು ಸೇರಿದರೆ, “ಹುಬ್ಬಳ್ಳಿ ಅಕ್ಕನ ಹಾಗೆ ಒಂದ್ಸಲ ಮಾಡೋ,” ಎನ್ನುತ್ತಾರೆ. ಮಾಡುತ್ತೇನೆ. ನಗುತ್ತಾರೆ. ಗಂಡಸಿಯಿಂದ ಬಂದ ಮೇಲೆ ಒಬ್ಬನೇ ಕೂತು, ನನ್ನ ಅಣಕವಲ್ಲದ, ಅವರದೇ ದನಿಯನ್ನು ನೆನಪಿಸಿಕೊಳ್ಳಲು ನೋಡಿದೆ. ಮುಖ ಕಾಣುತ್ತದೆ. ಬಾಯಿ ತೆರೆಯುವುದೂ ಕಾಣುತ್ತದೆ. ಕೇಳುವುದು ಮಾತ್ರ ಅವತ್ತು ನಾನು ಎಳೆದ ರಾಗ.